‘ನರಾ ಹರದೈತಿ’ ಅನ್ನುವವರು ಅಜ್ಞಾನಿಗಳಲ್ಲ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ಕಳೆದ ವಾರ ತಮ್ಮ ಆರೋಗ್ಯ ಪುಟದಲ್ಲಿ ಕೈಕಾಲು ನೋವಿನ ಬಗ್ಗೆ ಬಂದ ಲೇಖನ ಓದಿದೆ. ಬರೆದ ವೈದ್ಯರು ಕೊಟ್ಟ ಸಲಹೆಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಡುವೆ ಒಂದು ಮಾತು ಬಂದಿದೆ: ನಮ್ಮ ಕಡೆಯ ಹಳ್ಳಿ ಜನಕ್ಕೆ ನರ ಯಾವುದು, ಸ್ನಾಯುರಜ್ಜು ಯಾವುದು ಎಂಬ ತಿಳಿವಳಿಕೆಯೇ ಇಲ್ಲ, ಒಳಗೆ ಏನು ನೊಂದರೂ ‘ನರ’ ಎಂದುಬಿಡುತ್ತಾರೆ, ಇದು ಅಜ್ಞಾನ ಎಂದು. ಇದನ್ನು ಓದಿ ಸುಮ್ಮನಿರಲು ನನಗೆ ಆಗಲಿಲ್ಲ.

ನಾನು ಹುಬ್ಬಳ್ಳಿಯಲ್ಲಿ ಫಿಜಿಯೋಥೆರಪಿಸ್ಟ್. ಕುಂದಗೋಳ, ನವಲಗುಂದ, ಶಿಗ್ಗಾವಿ, ಬ್ಯಾಡಗಿ ಕಡೆಯಿಂದ ಬರುವವರ ಕೈಕಾಲು ಮುಟ್ಟಿ ನೋಡುವುದೇ ನನ್ನ ದಿನದ ಕೆಲಸ. ‘ನರಾ ಎಳದಾವ್ರೀ’, ‘ನರಾ ಉಬ್ಬೇತ್ರೀ’, ‘ನರಾ ಹರದೈತಿ ಅನಸ್ತೈತ್ರೀ’ ಎಂದು ಅವರು ಹೇಳುತ್ತಾರೆ. ಹೇಳಿದ ಜಾಗದಲ್ಲಿ ಬೆರಳಿಟ್ಟು ನೋಡಿದರೆ ಬಹಳ ಸಲ ಅಲ್ಲಿರುವುದು ಸ್ನಾಯುರಜ್ಜು, ಅಂದರೆ ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಬಿಳಿಯ ಹುರಿ, ಇಂಗ್ಲಿಷಿನ ಟೆಂಡನ್. ಅದಕ್ಕೆ ‘ನರ’ ಎಂದು ಕರೆಯುವುದು ತಪ್ಪಲ್ಲ. ಆ ಪದದ ಮೊದಲ ಅರ್ಥಗಳಲ್ಲಿ ಅದೂ ಒಂದು. ಇಂಗ್ಲಿಷರ, ಗ್ರೀಕರ, ರೋಮನ್ನರ ಅಜ್ಜಂದಿರೂ ಈ ಹುರಿಗೂ ನರಕ್ಕೂ ಒಂದೇ ಹೆಸರನ್ನು ಬಳಸಿದವರೇ. ಅವರನ್ನು ಯಾರೂ ಅಜ್ಞಾನಿಗಳೆಂದು ಬರೆಯುವುದಿಲ್ಲ.

ಇಂಗ್ಲಿಷಿನಿಂದಲೇ ಶುರು ಮಾಡುತ್ತೇನೆ. ಅದರಲ್ಲಿ ‘ಸಿನ್ಯೂ’ ಎಂಬ ಹಳೆಯ ಪದವಿದೆ. ಈಗ ವೈದ್ಯರ ಪುಸ್ತಕದಲ್ಲಿ ಅದು ಕಾಣುವುದು ಕಡಿಮೆ. ಕವಿತೆಯಲ್ಲಿ, ಮಾಂಸದ ಅಂಗಡಿಯ ಮಾತಿನಲ್ಲಿ ಉಳಿದಿದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಇದರ ರೂಪ ‘ಸಿನು’ ಅಥವಾ ‘ಸಿಯೊನು’. ವಿಭಕ್ತಿ ಹಚ್ಚಿದಾಗ ‘ಸಿನ್ವೆ’ ಆಗುತ್ತಿತ್ತು. ನಾವು ‘ಮರ’ಕ್ಕೆ ವಿಭಕ್ತಿ ಸೇರಿಸಿದಾಗ ‘ಮರದ’, ‘ಮರದಲ್ಲಿ’ ಎಂದು ನಡುವೆ ಒಂದು ‘ದ’ ಬರುತ್ತದಲ್ಲ, ಹಾಗೆ ಅವರಲ್ಲಿ ಒಂದು ‘ವ’ ಬರುತ್ತಿತ್ತು. ಕಾಲಾಂತರದಲ್ಲಿ ಇಂಗ್ಲಿಷು ವಿಭಕ್ತಿಗಳನ್ನು ಬಹುಮಟ್ಟಿಗೆ ಕಳೆದುಕೊಂಡಿತು. ಈ ಪದದ ಮಟ್ಟಿಗೆ ಮೂಲರೂಪ ಹೋಗಿ ವಿಭಕ್ತಿ ಹತ್ತಿದ ರೂಪವೇ ಉಳಿಯಿತು. ಇವತ್ತಿನ ಕಾಗುಣಿತದ ಕೊನೆಯಲ್ಲಿ ಕಾಣುವ ಡಬ್ಲ್ಯೂ ಅಕ್ಷರ ಆ ‘ವ’ಕಾರದ ಗುರುತು.

ಈ ಪದಕ್ಕೆ ನೆರೆಹೊರೆಯಲ್ಲಿ ಅಕ್ಕತಂಗಿಯರಿದ್ದಾರೆ. ಜರ್ಮನ್ನರಲ್ಲಿ ಅದು ‘ಝೇನೆ’, ಅರ್ಥ ಸ್ನಾಯುರಜ್ಜು. ಡಚ್ಚರಲ್ಲಿ ‘ಝೇನ್ಯು’, ಅಲ್ಲಿ ಅದಕ್ಕೆ ಇವತ್ತಿನ ಅರ್ಥ ನರ, ಮೆದುಳಿನಿಂದ ಸುದ್ದಿ ಒಯ್ಯುವ ನರ. ಎರಡೂ ದೇಶಗಳಿಗೆ ಒಂದೇ ಗಡಿ, ಪದವೂ ಒಂದೇ ಬೇರಿನದು. ಆದರೂ ಒಬ್ಬರು ಅದನ್ನು ಎಳೆಯುವ ಹುರಿಗೆ ಇಟ್ಟುಕೊಂಡರು, ಇನ್ನೊಬ್ಬರು ನರಕ್ಕೆ ಕೊಟ್ಟರು.

ಭಾಷಾಶಾಸ್ತ್ರಜ್ಞರು ಇದೇ ಕುಟುಂಬಕ್ಕೆ ಸಂಸ್ಕೃತದ ‘ಸ್ನಾವ’, ‘ಸ್ನಾಯು’, ಪ್ರಾಚೀನ ಇರಾನಿನ ಅವೆಸ್ತಾ ಭಾಷೆಯ ‘ಸ್ನಾವರ್’, ಗ್ರೀಕಿನ ‘ನ್ಯೂರೋನ್’, ಲ್ಯಾಟಿನ್ನಿನ ‘ನೆರ್ವುಸ್’ ಪದಗಳನ್ನೂ ಸೇರಿಸುತ್ತಾರೆ. ಗ್ರೀಕಿನಲ್ಲಿ ಮೊದಲಿದ್ದ ಸಕಾರ ಬಿದ್ದುಹೋಗಿದೆ. ಈ ‘ನ್ಯೂರೋನ್’ ಪದದಿಂದಲೇ ನ್ಯೂರಾಲಜಿ, ನ್ಯೂರೋಸರ್ಜನ್ ಎಲ್ಲ ಬಂದದ್ದು. ಆದರೆ ಹೋಮರನ ಕಾಲದ ಗ್ರೀಕರಿಗೆ ಆ ಪದದಲ್ಲಿ ಮೆದುಳಿನ ಸುಳಿವೇ ಇರಲಿಲ್ಲ. ಅದಕ್ಕೆ ಎತ್ತಿನ ಕಾಲಿನಿಂದ ತೆಗೆದ ಹುರಿ, ಬಿಲ್ಲಿನ ಹೆದೆ, ವೀಣೆಯಂಥ ವಾದ್ಯದ ತಂತಿ ಎಂಬ ಅರ್ಥಗಳಿದ್ದವು. ಇಲಿಯಡ್ ಕಾವ್ಯದಲ್ಲಿ ಪಾಂಡರಸ್ ಎಂಬ ಬಿಲ್ಗಾರ ಎದೆಯವರೆಗೆ ಎಳೆಯುವುದು ಎತ್ತಿನ ನ್ಯೂರೋನನ್ನೇ.

ರಜ್ಜುವನ್ನೂ ನರವನ್ನೂ ಬೇರೆ ಮಾಡಿದ್ದು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ. ಅಲೆಕ್ಸಾಂಡ್ರಿಯಾದಲ್ಲಿ ಹೆರೋಫಿಲಸ್ ಮತ್ತು ಎರಾಸಿಸ್ಟ್ರಾಟಸ್ ಎಂಬ ಇಬ್ಬರು ವೈದ್ಯರು ಮನುಷ್ಯರ ಹೆಣಗಳನ್ನು ಕೊಯ್ದು ನೋಡಿದರು. ಕೆಲವು ಬಿಳಿ ಹುರಿಗಳು ಮಾಂಸದಿಂದ ಹೊರಟು ಎಲುಬಿಗೆ ಹತ್ತುತ್ತವೆ, ಇನ್ನು ಕೆಲವು ಮೆದುಳು ಮತ್ತು ಬೆನ್ನುಹುರಿಯಿಂದ ಹೊರಡುತ್ತವೆ ಎಂದು ಗೊತ್ತಾಯಿತು. ಎರಡನೆಯ ಗುಂಪಿಗೆ ಹೊಸ ಹೆಸರು ಹುಡುಕುವ ಗೋಜಿಗೆ ಅವರು ಹೋಗಲಿಲ್ಲ, ಇದ್ದ ಹಳೆಯ ಹೆಸರನ್ನೇ ಮುಂದುವರಿಸಿದರು. ಮುಂದೆ ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಗೇಲನ್ ಬಂದ. ಪೆರ್ಗಮಾನಿನಲ್ಲಿ ಅಖಾಡದ ಕಾಳಗದವರಿಗೆ ವೈದ್ಯನಾಗಿದ್ದವನು. ಹಂದಿಯೊಂದರ ಕುತ್ತಿಗೆಯಲ್ಲಿರುವ ಸಣ್ಣ ನರವನ್ನು ಜನರೆದುರು ಕತ್ತರಿಸಿ, ಕಿರುಚುತ್ತಿದ್ದ ಪ್ರಾಣಿಯ ದನಿ ತಟ್ಟನೆ ನಿಂತುಹೋಗುವುದನ್ನು ತೋರಿಸಿದ. ನರದ ಕೆಲಸ ಏನೆಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಇಷ್ಟಾದರೂ ಹಳೆಯ ಅರ್ಥ ಹೋಗಲಿಲ್ಲ. ಅಂಗೈ ಚರ್ಮದ ಕೆಳಗೆ ಬೀಸಣಿಗೆ ಬಿಚ್ಚಿದಂತೆ ಹರಡಿರುವ ಬಿಳಿಯ ಗಟ್ಟಿ ಪದರಕ್ಕೆ ನಾವು ಕಾಲೇಜಿನಲ್ಲಿ ‘ಅಪೋನ್ಯೂರೋಸಿಸ್’ ಎಂದು ಓದಿದ್ದೇವೆ. ಹೆಸರಿನಲ್ಲಿ ನ್ಯೂರೋನ್ ಇದೆ, ಆ ಪದರ ಮಾತ್ರ ನರವಲ್ಲ, ರಜ್ಜುವಿನ ಜಾತಿಯದು. ಇನ್ನು ಲ್ಯಾಟಿನ್ ಮೂಲಕ ಇಂಗ್ಲಿಷಿಗೆ ಬಂದ ‘ನರ್ವ್’ ಪದವೂ ಮೊದಮೊದಲು ಎಳೆಯುವ ಹುರಿ ಎಂಬ ಅರ್ಥದಲ್ಲಿಯೇ ಬಳಕೆಯಾಗುತ್ತಿತ್ತು. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ಸಿಂಹದ ‘ನರ್ವ್’ ಎಂದು ಹೇಳುವುದು ಅದರ ಕಸುವಿನ ಬಗ್ಗೆ, ಗಾಬರಿಯ ಬಗ್ಗೆ ಅಲ್ಲ. ‘ನರ್ವಸ್’ ಎಂದರೆ ಇವತ್ತು ಕೈಕಾಲು ನಡುಗುವವನು. ಆಗ ಹುರಿಗಟ್ಟಿದ ಮೈಯವನು. ‘ಟೆಂಡನ್’ ಎಂಬುದು 16ನೆಯ ಶತಮಾನದಲ್ಲಿ ಲ್ಯಾಟಿನ್ ವೈದ್ಯಗ್ರಂಥಗಳಿಂದ ಇಳಿದ ಹೊಸಬ. ಅದು ಬಂದು ಜಾಗ ಹಿಡಿದ ಮೇಲೆ ‘ನರ್ವ್’ ಪೂರ್ತಿಯಾಗಿ ಮೆದುಳಿನ ಕಡೆ ವಾಲಿತು, ‘ಸಿನ್ಯೂ’ ಕವಿಗಳ ಪಾಲಾಯಿತು.

ಈಗ ನಮ್ಮ ‘ನರ’ಕ್ಕೆ ಬರುತ್ತೇನೆ. ‘ನರ’, ‘ನರ್ವ್’ ಎರಡರಲ್ಲೂ ನಕಾರ ರಕಾರ ಇರುವುದನ್ನು ನೋಡಿ ಒಂದರಿಂದ ಇನ್ನೊಂದು ಹುಟ್ಟಿತೆಂದು ಮೊಬೈಲಿನಲ್ಲಿ ಹಂಚುವವರಿದ್ದಾರೆ. ದಯವಿಟ್ಟು ಅದನ್ನು ನಂಬಬಾರದು. ನಮ್ಮದು ದ್ರಾವಿಡ ಪದ. ತಮಿಳಿನಲ್ಲಿ ‘ನರಂಬು’, ತೆಲುಗಿನಲ್ಲಿ ‘ನರಮು’. ಮನುಷ್ಯ ಎಂಬ ಅರ್ಥದ ಸಂಸ್ಕೃತದ ‘ನರ’ನಿಗೂ ಇದಕ್ಕೂ ಸಂಬಂಧವಿಲ್ಲ. ದನಿ ಕೂಡಿದ್ದು ಆಕಸ್ಮಿಕ. ಆದರೆ ಅರ್ಥ ನಡೆದ ದಾರಿ ನೋಡಿ. ತಮಿಳಿನ ‘ನರಂಬು’ ಪದಕ್ಕೆ ಸ್ನಾಯುರಜ್ಜು, ನರ, ರಕ್ತನಾಳ ಎಂಬ ಅರ್ಥಗಳ ಜೊತೆಗೆ ಹಳೆಯ ಯಾಳ್ ವಾದ್ಯದ ತಂತಿ ಎಂಬ ಅರ್ಥವೂ ಇದೆ. ಗ್ರೀಕರದೂ ಹೀಗೆಯೇ. ಒಂದಕ್ಕೊಂದು ನೆಂಟಸ್ತಿಕೆ ಇಲ್ಲದ ಎರಡು ಭಾಷೆಗಳು ಒಂದೇ ಜಾಗಕ್ಕೆ ಬಂದು ನಿಂತಿವೆ.

ಕನ್ನಡದಲ್ಲಿಯೂ ಕಸುವಿನ ಅರ್ಥ ಇನ್ನೂ ಜೀವಂತವಾಗಿದೆ. ತಮ್ಮ ರಾಜಕೀಯ ಪುಟದಲ್ಲಿಯೇ ‘ನರಸತ್ತ ಸರ್ಕಾರ’ ಎಂದು ಯಾರೋ ಒಬ್ಬರು ಆಗಾಗ ಗುಡುಗುತ್ತಿರುತ್ತಾರೆ. ಅಲ್ಲಿ ಸತ್ತದ್ದು ನ್ಯೂರಾಲಜಿಯ ನರವಲ್ಲ, ಎದ್ದು ನಿಲ್ಲಿಸುವ ಹುರಿ. ರೋಮನ್ನರು ಇದೇ ಭಾವಕ್ಕೆ ‘ಎನೆರ್ವಾರೆ’ ಎನ್ನುತ್ತಿದ್ದರು, ಅಂದರೆ ‘ನರ ತೆಗೆದುಹಾಕು’, ಶಕ್ತಿಗುಂದಿಸು ಎಂದು.

ನಾನು ಚಿಕ್ಕವಳಿದ್ದಾಗ ನಮ್ಮ ಓಣಿಗೆ ಗಾದಿ ತುಂಬಲು ಪಿಂಜಾರ ಕಾಕಾ ಬರುತ್ತಿದ್ದರು. ಅಂಗಳದಲ್ಲಿ ಹಳೆಯ ಅರಳೆ ಸುರಿದು, ಉದ್ದನೆಯ ಬಿಲ್ಲನ್ನು ಮೇಲಿನಿಂದ ತೂಗಹಾಕಿ, ಮರದ ಹಿಡಿಯಿಂದ ಹೆದೆಗೆ ಹೊಡೆದರೆ ಟಂವ್ ಟಂವ್ ಎನ್ನುತ್ತ ಗಂಟುಗಟ್ಟಿದ ಅರಳೆ ಹಗುರಾಗಿ ಹಾರುತ್ತಿತ್ತು. ಆ ಹೆದೆ ಏನೆಂದು ಕೇಳಿದಾಗ ‘ನರಾ ಬೇ ತಂಗಿ, ಆಡಿನ ನರಾ’ ಎಂದಿದ್ದರು. ನಿಜಕ್ಕೆ ಅದು ಆಡಿನ ಕರುಳನ್ನು ಹೊಸೆದು ಒಣಗಿಸಿದ ಹುರಿ ಎಂದು ಆಮೇಲೆ ತಿಳಿಯಿತು. ಎಳೆದಷ್ಟೂ ಬಿಗಿಯುವ, ಹೊಡೆದರೆ ದನಿ ಕೊಡುವ, ಮೈಯೊಳಗಿಂದ ಬಂದ ಹುರಿಗೆ ಅವರ ಬಾಯಲ್ಲಿದ್ದ ಹೆಸರು ನರ.

ಇಷ್ಟೊಂದು ಜನಾಂಗಗಳು ರಜ್ಜುವನ್ನೂ ನರವನ್ನೂ ಒಂದೇ ಹೆಸರಿನಿಂದ ಕರೆದದ್ದೇಕೆ ಎಂಬುದನ್ನು ಓದುಗರು ಕೂತಲ್ಲಿಯೇ ನೋಡಬಹುದು. ಹೆಬ್ಬೆರಳ ತುದಿಯನ್ನು ಕಿರುಬೆರಳ ತುದಿಗೆ ಮುಟ್ಟಿಸಿ, ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಗ್ಗಿಸಿ. ಮಣಿಕಟ್ಟಿನ ನಡುವೆ ಚರ್ಮವನ್ನು ಮೇಲೆತ್ತಿಕೊಂಡು ಒಂದು ಹುರಿ ಎದ್ದು ನಿಲ್ಲುತ್ತದೆ. ಸುಮಾರು ಏಳು ಜನರಲ್ಲಿ ಒಬ್ಬರಿಗೆ ಇದು ಹುಟ್ಟಿನಿಂದಲೇ ಇರುವುದಿಲ್ಲ, ಕಾಣದಿದ್ದರೆ ಗಾಬರಿ ಬೇಡ. ಇದು ‘ಪಾಲ್ಮಾರಿಸ್ ಲಾಂಗಸ್’ ಎಂಬ ಖಂಡದ ರಜ್ಜು. ಇಲ್ಲದಿದ್ದರೂ ಕೈಯ ಕೆಲಸಕ್ಕೆ ಕೊರತೆ ಆಗುವುದಿಲ್ಲವಾದ್ದರಿಂದ ಬೇರೆ ಕಡೆ ರಜ್ಜು ಹಾಳಾದಾಗ ಶಸ್ತ್ರವೈದ್ಯರು ಇದನ್ನೇ ತೆಗೆದು ಅಲ್ಲಿ ಕಸಿ ಮಾಡುತ್ತಾರೆ. ಇದರ ಕೆಳಗೇ, ಕಿರಿದಾದ ಸುರಂಗದಲ್ಲಿ, ಬೆರಳು ಬಗ್ಗಿಸುವ 9 ರಜ್ಜುಗಳು ಸಾಗುತ್ತವೆ. ಅವುಗಳ ನಡುವೆಯೇ ಒಂದು ದೊಡ್ಡ ನರವೂ ಸಾಗುತ್ತದೆ. ಎಲ್ಲವೂ ಬಿಳಿ, ಎಲ್ಲವೂ ಹುರಿಯಂತೆ ಉದ್ದ. ಗಾಯವಾಗಿ ರಕ್ತ ಮೆತ್ತಿದ ಮಣಿಕಟ್ಟಿನಲ್ಲಿ ಯಾವುದು ಯಾವುದೆಂದು ಗುರುತಿಸಲು ಕಲಿತ ಕಣ್ಣೂ ತಡವರಿಸುತ್ತದೆ. ಬರಿಗಣ್ಣಿನ ಕಾಲದಲ್ಲಿ ಒಂದೇ ಹೆಸರು ಬಿದ್ದದ್ದರಲ್ಲಿ ಆಶ್ಚರ್ಯವೇನಿದೆ?

ಇನ್ನು ನಾವು ಓದಿದವರು ಬಳಸುವ ‘ಸ್ನಾಯು’ವಿನ ಅವಸ್ಥೆ ನೋಡೋಣ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಮಾಂಸಖಂಡಕ್ಕಿರುವ ಹೆಸರು ‘ಪೇಶಿ’. ಅವು 500 ಎಂದು ಲೆಕ್ಕ ಕೊಟ್ಟಿದೆ. ‘ಸ್ನಾಯು’ ಬೇರೆ, ಅವು 900: ಕೈಕಾಲುಗಳಲ್ಲಿ 600, ಮುಂಡದಲ್ಲಿ 230, ಕುತ್ತಿಗೆಯಿಂದ ಮೇಲೆ 70. ಹಲಗೆಗಳನ್ನು ಜೋಡಿಸಿ ಕಟ್ಟುಗಳಿಂದ ಬಿಗಿದ ದೋಣಿ ನೀರಿನ ಮೇಲೆ ಜನರ ಭಾರ ಹೊರುವಂತೆ, ಸಂದುಗಳಲ್ಲಿ ಸ್ನಾಯುಗಳಿಂದ ಬಿಗಿದ ಶರೀರ ಭಾರ ಹೊರುತ್ತದೆ ಎಂದು ಅಲ್ಲಿ ಹೇಳಿದೆ. ಎಲುಬು, ಪೇಶಿ, ಸಿರೆ, ಸಂದು ಇವು ಕೆಟ್ಟಾಗ ಆಗುವುದಕ್ಕಿಂತ ಸ್ನಾಯು ಕೆಟ್ಟಾಗ ಆಗುವ ಹಾನಿ ಹೆಚ್ಚು ಎಂದೂ ಇದೆ. ಕೈ ಹೋದವರಿಗೆ ಮತ್ತೆ ಕೈ ಆಡಿಸಲು ಕಲಿಸುವ ಕೆಲಸದಲ್ಲಿರುವ ನನಗೆ ಇದು ಪುಸ್ತಕದ ಮಾತು ಅನಿಸುವುದಿಲ್ಲ. ಅಂದರೆ ಸುಶ್ರುತನ ಸ್ನಾಯು ಎಂದರೆ ಕಟ್ಟುವ ಹುರಿ, ಹಳೆಯ ಇಂಗ್ಲಿಷಿನ ಸಿನು. ನಮ್ಮ ಶಾಲೆಯ ಪಠ್ಯದಲ್ಲಿ ಸ್ನಾಯು ಎಂದರೆ ಮಾಂಸಖಂಡ, ಮರಾಠಿಯಲ್ಲೂ ಹಾಗೆಯೇ. ಬಂಗಾಳಿಯಲ್ಲಿ ಸ್ನಾಯು ಎಂದರೆ ನರ! ಒಂದೇ ಸಂಸ್ಕೃತ ಪದ ಮೂರು ಕಡೆ ಮೂರು ಅರ್ಥಕ್ಕೆ ನಿಂತಿದೆ. ಪಂಡಿತರ ಪದವೇ ಹೀಗೆ ಅಲೆದಾಡಿರುವಾಗ ಕುಂದಗೋಳದ ಅಜ್ಜಿಯ ‘ನರ’ವನ್ನು ಮಾತ್ರ ಕಟಕಟೆಗೆ ಏರಿಸುವುದು ಯಾವ ನ್ಯಾಯ?

ಆದರೂ ಗೊಂದಲದಿಂದ ಹಾನಿ ಆಗುತ್ತಿರುವುದು ನಿಜ. ಲೇಖನ ಬರೆದ ವೈದ್ಯರ ಕಳಕಳಿ ಅದೇ ಇರಬಹುದು. ನನ್ನ ಅನುಭವದಲ್ಲಿ ಆ ಹಾನಿ ರೋಗಿಯ ಬಾಯಿಂದ ಹೊರಟದ್ದಲ್ಲ, ಅವರ ಕನ್ನಡವನ್ನು ನಾವು ಅವಸರದಲ್ಲಿ ಇಂಗ್ಲಿಷು ಮಾಡಿದ್ದರಿಂದ ಆದದ್ದು.

ಬ್ಯಾಡಗಿ ಕಡೆಯ ಒಬ್ಬ ಅವ್ವನ ವಿಷಯ ಹೇಳುತ್ತೇನೆ. ಸೀಜನ್ನಿನಲ್ಲಿ ಬೆಳಗಿನಿಂದ ಸಂಜೆವರೆಗೆ ಮೆಣಸಿನಕಾಯಿ ರಾಶಿಯ ಮುಂದೆ ಕುಳಿತು ತುಂಬು, ಅಂದರೆ ತೊಟ್ಟು, ಬಿಡಿಸುವ ಕೆಲಸ. ತೋರುಬೆರಳು ಹೆಬ್ಬೆರಳ ನಡುವೆ ಕಾಯಿ ಹಿಡಿದು ಚಿವುಟುವುದು, ಬಿಸಾಕುವುದು, ಮತ್ತೆ ಚಿವುಟುವುದು. ಹೆಬ್ಬೆರಳ ಬುಡದಲ್ಲಿ ಮಣಿಕಟ್ಟಿಗೆ ಹತ್ತಿ ಬಾವು ಬಂತು. ‘ನರಾ ಉಬ್ಬೇತಿ, ಹೆಬ್ಬಟ್ಟ ಎತ್ತಾಕ ಬರವಲ್ದು’ ಎಂದು ಬೆಂಗಳೂರಿನಲ್ಲಿರುವ ಮಗನಿಗೆ ಫೋನಿನಲ್ಲಿ ಹೇಳಿದ್ದಾರೆ. ಮಗ ಅದನ್ನು ‘ನರ್ವ್ ಪ್ರಾಬ್ಲಮ್’ ಎಂದು ತಿಳಿದು ನರರೋಗ ತಜ್ಞರ ಹತ್ತಿರ ಕಳಿಸಿದ. ಕರೆಂಟು ಹಾಯಿಸಿ ಮಾಡುವ ಪರೀಕ್ಷೆ ಆಯಿತು, ನರಗಳು ಚೆನ್ನಾಗಿವೆ ಎಂದು ವರದಿ ಬಂತು. ಪರೀಕ್ಷೆ ಸುಳ್ಳು ಹೇಳಲಿಲ್ಲ, ಆ ನರಗಳು ಚೆನ್ನಾಗಿಯೇ ಇದ್ದವು. ಆದರೆ ಮನೆಯಲ್ಲಿ ಅದರ ಅರ್ಥ ಬೇರೆಯೇ ಆಯಿತು. ನೋವೇ ಇಲ್ಲ, ಕೆಲಸ ತಪ್ಪಿಸಲು ಹೀಗೆ ಹೇಳುತ್ತಾಳೆ ಎಂದು ಸ್ವಂತದವರೇ ಅಂದರಂತೆ. ನನ್ನ ಮುಂದೆ ಕೂತು ಕೈ ತೋರಿಸುವ ಮೊದಲು ಆ ತಾಯಿ ಹೇಳಿದ ಮಾತು: ‘ಅಕ್ಕಾರ, ನಾ ಸುಳ್ಳ ಹೇಳಾಕತ್ತಿಲ್ರೀ.’

ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಸಿ, ಮಣಿಕಟ್ಟನ್ನು ಕಿರುಬೆರಳ ಕಡೆ ಬಾಗಿಸಿದರೆ ಸಾಕಾಯಿತು, ಚೀರಿಬಿಟ್ಟರು. ಹೆಬ್ಬೆರಳನ್ನು ಎತ್ತುವ ಎರಡು ರಜ್ಜುಗಳು ಮಣಿಕಟ್ಟಿನ ಪಕ್ಕದಲ್ಲಿ ಒಂದು ಸಣ್ಣ ಗೂಡಿನೊಳಗೆ ಹಾದುಹೋಗುತ್ತವೆ. ಚಿವುಟಿ ಚಿವುಟಿ ಆ ಗೂಡು ದಪ್ಪವಾಗಿ, ರಜ್ಜು ಜಾರಲು ಜಾಗ ಇಲ್ಲದಂತಾಗಿತ್ತು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಸ್ ಡಿ ಕರ್ವೇನ್ 1895ರಲ್ಲಿ ವಿವರಿಸಿದ ರೋಗ ಇದು, ಇವತ್ತಿಗೂ ಅವರ ಹೆಸರಿನಿಂದಲೇ ಕರೆಯುತ್ತೇವೆ. ಹೆಬ್ಬೆರಳಿಗೆ ಪಟ್ಟಿ ಕಟ್ಟಿ ವಿಶ್ರಾಂತಿ ಕೊಟ್ಟೆವು, ಮೂಳೆವೈದ್ಯರಿಂದ ಒಂದು ಇಂಜೆಕ್ಷನ್ ಹಾಕಿಸಿದೆವು, ಆಮೇಲೆ ನಿಧಾನವಾಗಿ ವ್ಯಾಯಾಮ. ನೋವು ಇಳಿಯಿತು. ನೋಡಿ, ಆ ಅವ್ವ ಮೊದಲ ದಿನವೇ ಸರಿಯಾಗಿ ಹೇಳಿದ್ದರು. ಉಬ್ಬಿದ್ದು ನರವೇ, ಅವರ ಕನ್ನಡದ ನರ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಜೋಳದ ತೆನೆ ಕೊಯ್ಯುವಾಗ ಕುಡಗೋಲು ತಾಗಿ ಬೆರಳು ಕೊಯ್ದುಕೊಂಡವರು ಪ್ರತಿ ಸುಗ್ಗಿಯಲ್ಲಿ ಬರುತ್ತಾರೆ. ಒಬ್ಬ ತರುಣನ ಗಾಯಕ್ಕೆ ಊರ ಹತ್ತಿರವೇ ಹೊಲಿಗೆ ಬಿದ್ದಿತ್ತು. ಬೆರಳ ತುದಿ ಬಗ್ಗುತ್ತಿಲ್ಲ ಎಂದಾಗ ‘ನರ ಕಟ್ ಆಗಿದೆ, ನರ ತಾನೇ ಬೆಳೆಯುತ್ತದೆ, ಕಾಯಬೇಕು’ ಎಂದು ಯಾರೋ ಹೇಳಿದರಂತೆ. ನರ ಬೆಳೆಯುತ್ತದೆ ಎಂಬುದರಲ್ಲಿ ಸತ್ಯ ಇದೆ, ತುದಿಗಳನ್ನು ಜೋಡಿಸಿದ ಮೇಲೆ ದಿನಕ್ಕೆ ಸುಮಾರು 1 ಮಿಲಿಮೀಟರ್. ಆದರೆ ಅವನದು ಕಡಿದದ್ದು ರಜ್ಜು. ಬೆರಳು ಬಗ್ಗಿಸುವ ರಜ್ಜು ಪೂರ್ತಿ ಕಡಿದರೆ ಅದರ ಮೇಲಿನ ತುದಿಯನ್ನು ಮಾಂಸಖಂಡ ಅಂಗೈಯೊಳಕ್ಕೆ ಎಳೆದುಕೊಂಡುಬಿಡುತ್ತದೆ. ಎರಡು ತುದಿಗಳ ನಡುವೆ ಅಂತರ ಬೀಳುತ್ತದೆ, ಅದು ತಾನಾಗಿ ಕೂಡುವುದಿಲ್ಲ. ಒಂದೆರಡು ವಾರದೊಳಗೆ ಹುಡುಕಿ ಹೊಲಿದರೆ ಬೆರಳು ಉಳಿಯುವ ಸಾಧ್ಯತೆ ಚೆನ್ನಾಗಿರುತ್ತದೆ. ಅವನು ಕಾಯುತ್ತ ಕೂತ. ಈಗ ಆ ಬೆರಳು ನೆಟ್ಟಗೆ ನಿಂತೇ ಇದೆ, ಕುಡಗೋಲಿನ ಹಿಡಿ ಹಿಡಿಯಲು ಬರುವುದಿಲ್ಲ.

ಹಾಗಾಗಿ ಪದಗಳನ್ನು ಬೇರ್ಪಡಿಸಲೇಬೇಕು ಎಂಬುದನ್ನು ಒಪ್ಪುತ್ತೇನೆ. ಹೇಗೆ ಎಂಬಲ್ಲಿ ನನ್ನ ದಾರಿ ಬೇರೆ. ‘ಸ್ನಾಯುರಜ್ಜು’ ಎಂಬ ಪದ ನನ್ನ ರೋಗಿಗಳಲ್ಲಿ ಯಾರ ಬಾಯಿಂದಲೂ ನಾನು ಕೇಳಿಲ್ಲ. ನಾನು ಕೇಳುವುದು ಹೀಗೆ: ‘ಎಳಿಯೋ ನರಾನೋ, ಜುಂ ಅನ್ನೋ ನರಾನೋ, ರಕ್ತದ ನರಾನೋ?’ ಒಂದು ಕ್ಷಣವೂ ಯೋಚಿಸದೆ ಉತ್ತರ ಬರುತ್ತದೆ. ‘ಜುಂ ಅನ್ನಂಗಿಲ್ರೀ, ಎಳಿಯೋದರೀ’ ಎಂದು ಬೆರಳಿಟ್ಟು ತೋರಿಸುತ್ತಾರೆ. ಹೆರೋಫಿಲಸ್ ಹೆಣ ಕೊಯ್ದು ಕಂಡ ವ್ಯತ್ಯಾಸ ನಮ್ಮ ಜನಕ್ಕೆ ತಮ್ಮ ನೋವಿನಿಂದಲೇ ಗೊತ್ತಿದೆ. ಕೇಳುವವರು ಮುಂದಿನ ಒಂದು ಪ್ರಶ್ನೆ ಕೇಳಬೇಕು, ಅಷ್ಟೇ.

ತಮ್ಮಲ್ಲಿ ನನ್ನ ವಿನಂತಿ ಇದು. ಆರೋಗ್ಯ ಪುಟದಲ್ಲಿ ಸ್ನಾಯುರಜ್ಜು ಎಂದು ಬರೆಯುವಾಗ ಒಮ್ಮೆಯಾದರೂ ‘ಎಳೆಯುವ ನರ’ ಎಂದು ಸೇರಿಸಿ. ನರ ಎಂದು ಬರೆಯುವಾಗ ಅದು ಯಾವ ನರ ಎಂದು ತಿಳಿಸಿ. ಕ್ರೀಡಾ ಪುಟದವರಿಗೂ ಒಂದು ಮಾತು: ಕ್ರಿಕೆಟಿಗರ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ) ಗಾಯವನ್ನು ಒಂದು ದಿನ ‘ಸ್ನಾಯು ಸೆಳೆತ’, ಮರುದಿನ ‘ಮಂಡಿರಜ್ಜು ಗಾಯ’ ಎಂದು ಬರೆದರೆ ಓಡುವ ಮಕ್ಕಳಿಗೆ, ಗರಡಿಯ ಹುಡುಗರಿಗೆ ಏನೂ ತಿಳಿಯುವುದಿಲ್ಲ. ಖಂಡ ಸೆಳೆದುಕೊಳ್ಳುವುದಕ್ಕೂ ರಜ್ಜು ಹರಿಯುವುದಕ್ಕೂ ವಿಶ್ರಾಂತಿಯ ಲೆಕ್ಕ ಬಹಳ ಬೇರೆ.

ಹಿಂಗಾರಿ ಜೋಳದ ಸುಗ್ಗಿ ಹತ್ತಿರ ಬಂದಿದೆ. ಸಾಧ್ಯವಾದರೆ ಇಷ್ಟನ್ನು ಬೇರೆ ಚೌಕಟ್ಟಿನಲ್ಲಿ ಅಚ್ಚು ಮಾಡಿ: ಕುಡಗೋಲಿನಿಂದ ಕೈಗೆ ಗಾಯವಾದರೆ ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲೆತ್ತಿಕೊಂಡೇ ಆಸ್ಪತ್ರೆಗೆ ಹೋಗಿ. ಹೊಲಿಗೆ ಹಾಕುವ ಮೊದಲು ಎರಡು ಸಂಗತಿ ನೋಡಲು ಹೇಳಿ. ಬೆರಳ ತುದಿಯ ಗೆಣ್ಣು ತಾನಾಗಿ ಬಗ್ಗುತ್ತದೆಯೇ? ತುದಿಯ ಎರಡೂ ಪಕ್ಕ ಮುಟ್ಟಿದ್ದು ಗೊತ್ತಾಗುತ್ತದೆಯೇ? ಬಗ್ಗದಿದ್ದರೆ ಎಳೆಯುವ ನರ ಹೋಗಿರಬಹುದು, ಮುಟ್ಟಿದ್ದು ತಿಳಿಯದಿದ್ದರೆ ಜುಂ ಅನ್ನುವ ನರ. ಎರಡರಲ್ಲಿ ಯಾವುದಾದರೂ ಬರೀ ಚರ್ಮದ ಹೊಲಿಗೆಗೆ ಮುಗಿಯುವುದಿಲ್ಲ, ಅದೇ ವಾರ ಕೈಯ ಶಸ್ತ್ರಚಿಕಿತ್ಸೆ ಬಲ್ಲವರಿಗೆ ತೋರಿಸಬೇಕು.

ರೋಗಿಗಳ ವಿಷಯ ಬರೆದಿರುವುದರಿಂದ ನನ್ನ ಹೆಸರು ಪ್ರಕಟಿಸಬಾರದಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಫಿಜಿಯೋಥೆರಪಿಸ್ಟ್
ಹುಬ್ಬಳ್ಳಿ